ಅಣ್ಣನ ಕೈಗೆ ಸಿಗದ 8085

ಪೋಸ್ಟು ಉದ್ದ ಇದೆ, ಪುರುಸೊತ್ತಾದಾಗ ಓದಿ. ಅಣ್ಣನನ್ನ ಕೇಳಿಯೇ ಬರೀತಿದ್ದೀನಿ. "ಹೆಸರು ಹಾಕಬೇಡ, ಕಾಲೇಜಿನ ಹೆಸರೂ ಬೇಡ, ಮಿಕ್ಕಿದ್ದು ಬರ್ಕೋ" ಅಂದ.

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನ ಆಫೀಸಲ್ಲಿ ಗುಮಾಸ್ತ ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕಳೆದ ತಿಂಗಳು ನನ್ನ ಟೇಬಲ್ಲಿಗೆ ಒಂದು ಫೈಲು ಬಂತು. ಎಲೆಕ್ಟ್ರಾನಿಕ್ಸ್ ವಿಭಾಗದ ಹಳೇ ಸಾಮಾನು ಕಂಡೆಮ್ ಮಾಡಿ ಹರಾಜು ಹಾಕಬೇಕು, ಸ್ಟಾಕ್ ರಿಜಿಸ್ಟರ್ ನೋಡಿ ಪಟ್ಟಿ ಟೈಪ್ ಮಾಡಿ ಅಂತ. ಮಾಮೂಲಿ ಕೆಲಸ. ಮುರಿದ ಸ್ಟೂಲು, ಸುಟ್ಟ ಸ್ಟೆಬಿಲೈಜರ್ ಎಲ್ಲ ಟೈಪ್ ಮಾಡ್ತಾ ಬಂದೆ. ಆಮೇಲೆ ಮೂರು ಸಾಲು ಬಂತು. ಮೈಕ್ರೋಪ್ರೊಸೆಸರ್ ಟ್ರೇನರ್ ಕಿಟ್ 8085, ಒಟ್ಟು 12. ಸ್ಟೆಪ್ಪರ್ ಮೋಟಾರ್ ಇಂಟರ್‌ಫೇಸ್, 4. ಇಪ್ಪತ್ತಾರು ಪಿನ್ನಿನ ಎಫ್‌ಆರ್‌ಸಿ ಕೇಬಲ್, 10.

ಮೂರನೇ ಸಾಲಿಗೆ ಕೈ ನಿಂತುಹೋಯ್ತು. ನಾನು ಬಿ.ಎ. ಓದಿದವನು, ಕೇಬಲ್ಲು ಕಟ್ಕೊಂಡು ನನಗೇನು? ಆದರೆ ಆ ಕೇಬಲ್ಲಿನ ಹೆಸರು 1998ರಿಂದ ನಮ್ಮ ಮನೆಯಲ್ಲಿ ಓಡಾಡ್ತಾ ಇದೆ. ನಮ್ಮಣ್ಣ ಇಂಜಿನಿಯರ್ ಆಗದೇ ಹೋಗಿದ್ದು ಅಂಥದೇ ಒಂದು ಕೇಬಲ್ಲಿನಿಂದ.

ಅವನ ಕತೆಗೆ ಮೊದಲು ಈ ವಸ್ತು ಏನು ಅಂತ ಹೇಳಬೇಕು. ನನಗೂ ಗೊತ್ತಿರಲಿಲ್ಲ. ಪಟ್ಟಿ ಮಾಡೋ ನೆವದಲ್ಲಿ ಲ್ಯಾಬಿನ ಅಟೆಂಡರ್ ಹತ್ರ ಸಂಜೆ ಸಂಜೆ ಕೂತು ತಿಳ್ಕೊಂಡೆ. ಮಿಕ್ಕಿದ್ದನ್ನ ಅಣ್ಣ ಫೋನಲ್ಲಿ ಹೇಳಿದ.

1971ರಲ್ಲಿ ಅಮೆರಿಕದ ಇಂಟೆಲ್ ಕಂಪನಿ 4004 ಅನ್ನೋ ಚಿಪ್ ಮಾರಾಟಕ್ಕೆ ಬಿಟ್ಟಿತು. ಜಪಾನಿನ ಬಿಸಿಕಾಂ ಅನ್ನೋ ಕ್ಯಾಲ್ಕುಲೇಟರ್ ಕಂಪನಿಗೆ ಅಂತ ಶುರುವಾದ ಕೆಲಸ ಅದು. ಲೆಕ್ಕ ಮಾಡೋ ಯಂತ್ರದ ತಲೆಯನ್ನೆಲ್ಲ ಒಂದೇ ಚಿಪ್‌ನಲ್ಲಿ ಕೂರಿಸಿದರು. ಅದೇ ಮೈಕ್ರೋಪ್ರೊಸೆಸರ್. 1974ರಲ್ಲಿ 8080 ಬಂತು, 1976ರಲ್ಲಿ 8085. ನಲವತ್ತು ಕಾಲಿನ ಕರೀ ಜಿರಳೆ ಥರ ಇರುತ್ತೆ. ಐದು ವೋಲ್ಟ್ ಕೊಟ್ಟರೆ ಸಾಕು, ಹೆಸರಿನ ಕೊನೆಯ ಐದು ಅದಕ್ಕೇ ಬಂದಿದ್ದು. ಒಂದು ಸಲಕ್ಕೆ ಎಂಟು ಬಿಟ್ ಹಿಡಿಯುತ್ತೆ, 65,536 ಮೆಮೊರಿ ಮನೆಗಳ ವಿಳಾಸ ಬಲ್ಲದು. ನಿಮ್ಮ ಕೈಯಲ್ಲಿರೋ ಫೋನಿನ ಮುಂದೆ ಏನೂ ಅಲ್ಲ. ಆದರೆ ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಲ್ಲಿ ಎರಡು ಮೂರು ತಲೆಮಾರು ಕಂಪ್ಯೂಟರಿನ ಒಳಗುಟ್ಟು ಕಲಿತಿದ್ದು ಇದರಲ್ಲೇ. ರಮೇಶ್ ಗಾಂವ್ಕರ್ ಅವರ ದಪ್ಪ ಪುಸ್ತಕ, ಅದರ ಝೆರಾಕ್ಸು, ಸೀನಿಯರ್‌ಗಳು ಬಿಟ್ಟುಹೋದ ಲ್ಯಾಬ್ ರೆಕಾರ್ಡು ಅಂದರೆ ಆ ಕಾಲದ ಎಲೆಕ್ಟ್ರಾನಿಕ್ಸ್ ಹುಡುಗರಿಗೆ ಈಗಲೂ ನೆನಪಾಗುತ್ತೆ.

ಟ್ರೇನರ್ ಕಿಟ್ ಅಂದರೆ ಒಂದು ಹಸಿರು ಬೋರ್ಡು. ಅದರ ಮೇಲೆ ಆ ಚಿಪ್ಪು, ಸಣ್ಣದೊಂದು ಕೀಪ್ಯಾಡು, ಕೆಂಪಗೆ ಉರಿಯೋ ಆರು ಅಂಕಿ. ನಾಲ್ಕು ಅಂಕಿ ವಿಳಾಸಕ್ಕೆ, ಎರಡು ಅಂಕಿ ಆ ವಿಳಾಸದೊಳಗೆ ಇರೋದಕ್ಕೆ. ಪರದೆ ಇಲ್ಲ, ಮೌಸ್ ಇಲ್ಲ. "ಎರಡು ಸಂಖ್ಯೆ ಕೂಡಿಸು" ಅಂತ ಹೇಳಬೇಕಾದರೂ ಆ ಆಜ್ಞೆಗೆ ಯಾವ ಅಂಕಿ ಅಂತ ಪಟ್ಟಿ ನೋಡಿ, ಕಾಗದದ ಮೇಲೆ ಬರೆದು, ಒಂದೊಂದೇ ಒತ್ತಬೇಕು. 80 ಅಂದರೆ ಕೂಡು. 76 ಅಂದರೆ ನಿಲ್ಲು. ನಡುವೆ ಒಂದು ಅಂಕಿ ತಪ್ಪಿದರೆ ಯಂತ್ರ ಬೈಯಲ್ಲ, ಏನೋ ಒಂದು ಮಾಡ್ಕೊಂಡು ಹೋಗಿಬಿಡುತ್ತೆ. ಕರೆಂಟು ಹೋದರೆ ಒತ್ತಿದ್ದೆಲ್ಲ ಅಳಿಸಿಹೋಗುತ್ತೆ. ತೊಂಬತ್ತರ ದಶಕದ ನಮ್ಮ ಲೋಡ್ ಶೆಡ್ಡಿಂಗ್ ನೆನಪಿದೆಯಲ್ಲ?

ಇದು ಅರ್ಧ ಪಾಠ. ಇದನ್ನ ಪ್ರೋಗ್ರಾಮಿಂಗ್ ಅಂತಾರೆ. ಬೇಕಾದರೆ ಇದನ್ನ ಬಾಯಿಪಾಠ ಮಾಡಬಹುದು, ಮಾಡಿದವರು ಸಾಕಷ್ಟು ಜನ ಇದ್ದಾರೆ.

ಇನ್ನರ್ಧದ ಹೆಸರು ಇಂಟರ್‌ಫೇಸಿಂಗ್. ಒಳಗಿನ ಲೆಕ್ಕ ಹೊರಗಿನ ಲೋಕವನ್ನ ಮುಟ್ಟೋದು. ಮೋಟಾರು ತಿರುಗಿಸೋದು, ಟ್ರಾಫಿಕ್ ಲೈಟು ಹತ್ತಿಸೋದು, ಒತ್ತಿದ ಗುಂಡಿ ಯಾವುದು ಅಂತ ಓದೋದು. 8085 ಮೋಟಾರನ್ನ ನೇರವಾಗಿ ಮುಟ್ಟಲ್ಲ. ಮಡಿ ಅಂತಲ್ಲ, ಮೋಟಾರಿಗೆ ಬೇಕಾದಷ್ಟು ಕರೆಂಟು ಕೊಡೋ ತಾಕತ್ತು ಅದರ ಕಾಲುಗಳಿಗೆ ಇಲ್ಲ. ನಡುವೆ 8255 ಅನ್ನೋ ಇನ್ನೊಂದು ಚಿಪ್ಪು, ಅಲ್ಲಿಂದ ಚಪ್ಪಟೆ ಕೇಬಲ್ಲು, ಕೇಬಲ್ಲಿನಾಚೆ ಟ್ರಾನ್ಸಿಸ್ಟರ್‌ಗಳಿರೋ ಬೋರ್ಡು, ಆಮೇಲೆ ಮೋಟಾರು.

ಅಣ್ಣ ನನಗೆ 8255 ಅರ್ಥ ಮಾಡಿಸಿದ ರೀತಿ ಕೇಳಿ. ನಮ್ಮ ತಾತ ಊರಿನ ಕೆರೆಯ ನೀರುಗಂಟಿ. ಯಾರ ಮನೆ ಜಗಲಿಗೂ ಹತ್ತೋ ಹಾಗಿಲ್ಲದ ಮನುಷ್ಯ, ಆದರೆ ಇಡೀ ಊರಿನ ಗದ್ದೆಗೆ ನೀರು ಬಿಡ್ತಿದ್ದೋನು ಅವನೇ. ಯಾವ ತೂಬು ಯಾವಾಗ ಎತ್ತಬೇಕು, ಎಷ್ಟು ಹೊತ್ತು, ಯಾವ ಕಾಲುವೆ ಕಟ್ಟಿ ಯಾವುದನ್ನ ಬಿಡಬೇಕು, ಎಲ್ಲ ತಲೆಯಲ್ಲೇ. "8255 ಅಂದ್ರೆ ಮೂರು ತೂಬು ಕಣೋ. ಎ, ಬಿ, ಸಿ. ಯಾವ ತೂಬಿಂದ ನೀರು ಹೊರಗೆ ಹೋಗ್ಬೇಕು, ಯಾವುದ್ರಿಂದ ಒಳಗೆ ಬರ್ಬೇಕು ಅಂತ ಮೊದ್ಲೇ ಹೇಳಬೇಕು. ಅದಕ್ಕೆ ಕಂಟ್ರೋಲ್ ವರ್ಡ್ ಅಂತಾರೆ. 80 ಅಂತ ಕೊಟ್ರೆ ಮೂರೂ ಹೊರಗೆ. ತಾತಂಗೆ ಇದೆಲ್ಲ ಬರ್ತಿತ್ತು." ಮೂವತ್ತು ವರ್ಷದ ಹಿಂದಿನ ಪಾಠ ಇವನಿಗೆ ಇಷ್ಟು ಚೆನ್ನಾಗಿ ನೆನಪಿದೆಯಲ್ಲ ಅಂತ ನಾನು ಸುಮ್ಮನೆ ಕೇಳ್ತಾ ಕೂತೆ.

ಅಣ್ಣ 1995ರಲ್ಲಿ ಸಿಇಟಿ ಬರೆದ. ಸಿಇಟಿ ಶುರುವಾಗಿ ಎರಡನೇ ವರ್ಷ. ಅದಕ್ಕೆ ಮುಂಚೆ ನಮ್ಮ ರಾಜ್ಯದ ಖಾಸಗಿ ಕಾಲೇಜುಗಳು ಕ್ಯಾಪಿಟೇಶನ್ ಫೀಸಿಗೆ ದೇಶಕ್ಕೇ ಹೆಸರಾಗಿದ್ದವು. 1984ರಲ್ಲಿ ಅದನ್ನ ನಿಷೇಧಿಸಿ ಕಾಯ್ದೆ ಬಂತು, ವಸೂಲಿ ನಿಲ್ಲಲಿಲ್ಲ. 1992ರಲ್ಲಿ ಮೋಹಿನಿ ಜೈನ್ ಪ್ರಕರಣ, ಮಾರನೇ ವರ್ಷ ಉನ್ನಿಕೃಷ್ಣನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಆಯ್ತು, 1994ರಲ್ಲಿ ಸಿಇಟಿ ಬಂತು. ಆ ಕಿಂಡಿಯಲ್ಲಿ ನಮ್ಮಂಥ ಮನೆಗಳ ಹುಡುಗರು ನುಗ್ಗಿದರು. ನಮ್ಮ ಕೇರಿಯಿಂದ ಇಂಜಿನಿಯರಿಂಗ್‌ಗೆ ಹೋದ ಮೊದಲನೆಯವನು ಅಣ್ಣ. ಅಪ್ಪ ಅವನ ಟ್ರಂಕಿನ ಮೇಲೆ ಪೇಂಟರ್ ಹಿಡಿದು "ಬಿ.ಇ." ಅಂತ ಬರೆಸಿದ್ದ. ಆ ಟ್ರಂಕಲ್ಲಿ ಈಗ ಅಮ್ಮ ರಾಗಿ ಹಿಟ್ಟು ಇಡ್ತಾಳೆ.

ಮೂರನೇ ವರ್ಷಕ್ಕೆ ಮೈಕ್ರೋಪ್ರೊಸೆಸರ್ ಲ್ಯಾಬು ಬಂತು. ವಾರಕ್ಕೊಂದು ಮಧ್ಯಾಹ್ನ, ಮೂರು ಗಂಟೆ. ಒಂದು ಕಿಟ್ಟಿಗೆ ಐದು ಜನ. ಐದು ಜನ ಒಂದು ಕೀಪ್ಯಾಡ್ ಒತ್ತಕ್ಕಾಗಲ್ಲ, ಒಬ್ಬ ಒತ್ತಬೇಕು. ಯಾರು ಒತ್ತೋದು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ, ಯಾವ ನೋಟಿಸೂ ಹಾಕಲಿಲ್ಲ. ಆದರೂ ಮೊದಲ ವಾರವೇ ತೀರ್ಮಾನ ಆಗಿಹೋಯ್ತು. ಬೆಂಗಳೂರಿನ ಸ್ಕೂಲಲ್ಲಿ ಓದಿದ್ದ ಒಬ್ಬ ಕುರ್ಚಿ ಎಳೆದು ಕೀಪ್ಯಾಡ್ ಮುಂದೆ ಕೂತ. ಅವನಪ್ಪ ಇಂಜಿನಿಯರು, ಮನೆಯಲ್ಲಿ ಬೆಸುಗೆ ಕಡ್ಡಿ ಇತ್ತು. ಇನ್ನೊಬ್ಬ ಪಕ್ಕದಲ್ಲಿ ನಿಂತು ಅಂಕಿ ಓದಿ ಹೇಳೋದು. ಅಣ್ಣನ ಕೈಬರಹ ಮುದ್ದಾಗಿತ್ತು. "ನೀನು ಅಬ್ಸರ್ವೇಶನ್ ಬುಕ್ ಬರಿ ಗುರು" ಅಂದರು. ಅವನು ಬರೆದ. ಐದೂ ಜನಕ್ಕೆ ಬೇಕಾದ ರೀಡಿಂಗು, ಫ್ಲೋಚಾರ್ಟು, ಪಿನ್ ಡಯಾಗ್ರಂ ಎಲ್ಲ ಅವನದೇ ಕೈಬರಹ. ಇಡೀ ಸೆಮಿಸ್ಟರು ಬರೆದ.

ಯಾರೂ ಬೈಯಲಿಲ್ಲ, ಯಾರೂ ಜಾತಿ ಎತ್ತಲಿಲ್ಲ. ಅವರು ಒಳ್ಳೇ ಹುಡುಗರು, ಒಟ್ಟಿಗೆ ಟೀ ಕುಡೀತಿದ್ದರು ಅಂತ ಅಣ್ಣ ಈಗಲೂ ಹೇಳ್ತಾನೆ. ನಾನು ಇದನ್ನ ಬೇಕಂತಲೇ ಬರೀತಿದ್ದೀನಿ. ಇಲ್ಲಾಂದ್ರೆ ಕಾಮೆಂಟಲ್ಲಿ "ಎಲ್ಲದಕ್ಕೂ ಜಾತಿ ತರ್ತೀರಿ" ಅಂತ ಯಾರಾದರೂ ಬಂದೇ ಬರ್ತಾರೆ.

1998ರ ಪರೀಕ್ಷೆ. ಚೀಟಿ ಎತ್ತಬೇಕು. ಒಂದು ಪ್ರೋಗ್ರಾಮು, ಒಂದು ಇಂಟರ್‌ಫೇಸಿಂಗ್. ಪ್ರೋಗ್ರಾಮು ಸಂಖ್ಯೆಗಳನ್ನ ಏರಿಕೆ ಕ್ರಮದಲ್ಲಿ ಜೋಡಿಸೋದು ಬಂತು. ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಮುಗಿಸಿದ. ಒತ್ತಕ್ಕೆ ಕೂತರೆ ಕೈ ಓಡಲ್ಲ. ಒಂದು ಬೆರಳಲ್ಲಿ ಒಂದೊಂದೇ ಅಂಕಿ. ಮುಕ್ಕಾಲು ಆಗಿತ್ತು, ಕರೆಂಟು ಹೋಯ್ತು. ಬಂದಮೇಲೆ ಮೊದಲಿಂದ ಒತ್ತಿದ, ಉತ್ತರ ಬಂತು. ಅಷ್ಟೊತ್ತಿಗೆ ಹೊತ್ತಾಗಿತ್ತು.

ಇಂಟರ್‌ಫೇಸಿಂಗ್ ಸ್ಟೆಪ್ಪರ್ ಮೋಟಾರು. ಇದು ಮಾಮೂಲಿ ಮೋಟಾರಲ್ಲ. ಒಳಗಿರೋ ಸುರುಳಿಗಳಿಗೆ ಸರದಿ ಪ್ರಕಾರ ಕರೆಂಟು ಕೊಡ್ತಾ ಹೋದರೆ ಒಂದೊಂದು ಹೆಜ್ಜೆ ಇಡುತ್ತೆ. ಹೆಜ್ಜೆಗೆ 1.8 ಡಿಗ್ರಿ, ಇನ್ನೂರು ಹೆಜ್ಜೆಗೆ ಒಂದು ಸುತ್ತು. ಪ್ರೋಗ್ರಾಮು ಸರಿಯಾಗಿ ಒತ್ತಿದ. ಈ ಥರದ ಕಿಟ್ಟಲ್ಲಿ 8255 ಎರಡಿರುತ್ತೆ, ಕೇಬಲ್ ಸಿಕ್ಕಿಸೋ ಕನೆಕ್ಟರೂ ಎರಡು, ಎರಡೂ ನೋಡಕ್ಕೆ ಒಂದೇ. ಅಣ್ಣನ ಪ್ರೋಗ್ರಾಮು ಮೊದಲನೆಯದಕ್ಕೆ ಬರೆದದ್ದು. ಅವನು ಕೇಬಲ್ ಸಿಕ್ಕಿಸಿದ್ದು ಎರಡನೆಯದಕ್ಕೆ.

ಮೋಟಾರು ಅಲುಗಲಿಲ್ಲ.

ಕಾಲೇಜು ಕೊಟ್ಟಿದ್ದ ಲ್ಯಾಬ್ ಮ್ಯಾನುಯಲ್ಲಿನಲ್ಲಿ ಎಡಗಡೆ ಕನೆಕ್ಟರು ಅಂತ ಬರೆದಿರಲಿಲ್ಲ. ಬರೆಯೋ ಅಗತ್ಯ ಯಾರಿಗೂ ಕಂಡಿರಲಿಲ್ಲ, ಯಾಕಂದ್ರೆ ಒಂದು ಸಲ ಕೈಯಾರೆ ಸಿಕ್ಕಿಸಿದವನು ಮರೆಯಲ್ಲ. ಎಕ್ಸಾಮಿನರ್ ಬಂದು ನೋಡಿದರು. "ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?" ಅಂದರು. ಹೇಳಿದ. "ಹ್ಞೂಂ" ಅಂದು ಮುಂದೆ ಹೋದರು. ನಾಲ್ಕು ಮಾರ್ಕಿನಲ್ಲಿ ಫೇಲು.

ಜಾತಿ ನೋಡಿ ಫೇಲ್ ಮಾಡಿದರು ಅಂತ ನಾನು ಹೇಳಲ್ಲ. ಮೋಟಾರು ತಿರುಗಲಿಲ್ಲ, ಅದು ನಿಜ. ಆದರೆ ಆ ಮನುಷ್ಯ ಕೇಳಬೇಕಾಗಿದ್ದ ಪ್ರಶ್ನೆ ರ‍್ಯಾಂಕಲ್ಲ. "ಇದಕ್ಕೆ ಮುಂಚೆ ಈ ಕೇಬಲ್ಲನ್ನ ಎಷ್ಟು ಸಲ ಸಿಕ್ಕಿಸಿದ್ದೀಯಪ್ಪಾ?" ಅಂತ ಕೇಳಬೇಕಿತ್ತು. ಉತ್ತರ ಸೊನ್ನೆ ಬರ್ತಿತ್ತು. ಮುಂದೆ 2007ರಲ್ಲಿ ದಿಲ್ಲಿಯ ಏಮ್ಸ್ ಬಗ್ಗೆ ತೋರಟ್ ಸಮಿತಿ ವರದಿ ಕೊಟ್ಟಾಗ, ಪ್ರಾಕ್ಟಿಕಲ್ಲು ಮತ್ತು ವೈವಾದಲ್ಲಿ ತಮಗೆ ಬೇರೆ ಅಳತೆಗೋಲು ಇದೆ ಅಂತ ದಲಿತ ವಿದ್ಯಾರ್ಥಿಗಳು ಹೇಳಿದ್ದನ್ನ ಓದಿ ನನಗೆ ಆ "ಹ್ಞೂಂ" ನೆನಪಾಯ್ತು.

ಎರಡನೇ ಸಲವೂ ಹೋಯ್ತು. ಆ ಸಲ ಕೈ ನಡುಗಿತು ಅಂತಾನೆ. ಅದರ ಜೊತೆಗೆ ಇನ್ನೆರಡು ಸಬ್ಜೆಕ್ಟು ಉಳಿದವು. ಸ್ಕಾಲರ್‌ಶಿಪ್ ನಿಂತಿತು, ಹಾಸ್ಟೆಲ್ ಬಿಡಿ ಅಂದರು. ಊರಿಗೆ ಬಂದ. ಈಗ ತಾಲ್ಲೂಕು ಕೇಂದ್ರದಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡ್ತಾನೆ. ಅವನು ಸುತ್ತಿದ ಮೋಟಾರು ಸುಡಲ್ಲ ಅಂತ ಸುತ್ತಲ ಹಳ್ಳಿಯವರೆಲ್ಲ ಅವನನ್ನೇ ಹುಡುಕ್ಕೊಂಡು ಬರ್ತಾರೆ.

ಈಗ ನನ್ನ ರಿಜಿಸ್ಟರಿಗೆ ಬರೋಣ. ಇದು ಅಣ್ಣ ಓದಿದ ಕಾಲೇಜಲ್ಲ, ಬೇರೆ. ಆದರೂ ಕಿಟ್ಟು ಅದೇ ಥರದ್ದು. ಹನ್ನೆರಡು ಕಿಟ್ ಖರೀದಿಯಾಗಿದ್ದು 1993ರಲ್ಲಿ. ಲ್ಯಾಬಿಗೆ ಕೊಟ್ಟಿದ್ದು ಐದು. ಏಳು ಕಿಟ್ಟಿನ ಮುಂದೆ "ಬೀರುವಿನಲ್ಲಿದೆ" ಅಂತ ವರ್ಷವರ್ಷವೂ ಒಂದೇ ಷರಾ, ಕೈಬರಹ ಮಾತ್ರ ಬೇರೆ ಬೇರೆ. ಅಟೆಂಡರ್ ಅಣ್ಣನ ಬಾಯಲ್ಲಿ ಕೇಳಿದರೆ, "ಹುಡುಗ್ರು ಕೆಡಿಸ್ತಾರೆ ಅಂತ ಬೀಗ ಹಾಕಿದ್ರು ಸಾ. ಎಲ್‌ಐಸಿ ಬಂದಾಗ ತೆಗೆದು ಒರೆಸಿ ಮೇಜಿನ ಮೇಲಿಡೋದು, ಅವ್ರು ಹೋದ್ಮೇಲೆ ಮತ್ತೆ ಒಳಗೆ." ಏಳು ಕಿಟ್ಟಿನ ಕೀಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿಲ್ಲ. ಲ್ಯಾಬಲ್ಲಿದ್ದ ಐದರಲ್ಲಿ ಅಂಕಿಗಳೇ ಸವೆದುಹೋಗಿವೆ. ಐದು ಜನಕ್ಕೊಂದು ಕಿಟ್ಟು ಅನ್ನೋದು ಬಡತನದಿಂದ ಆಗಿದ್ದಲ್ಲ ಅಂತ ನನಗೆ ಆವತ್ತು ಗೊತ್ತಾಯ್ತು.

ಯಂತ್ರವನ್ನ ಬೀರುವಲ್ಲಿಟ್ಟು ಯಂತ್ರದ ಬಗ್ಗೆ ಪರೀಕ್ಷೆ ಮಾಡೋ ಈ ವಿದ್ಯೆ ಎಲ್ಲಿಂದ ಬಂತು? ಇದಕ್ಕೆ ಹಳೇ ಬೇರು ಇದೆ.

ಬ್ರಿಟಿಷರು ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದದ್ದು 1847ರಲ್ಲಿ, ಗಂಗಾ ಕಾಲುವೆಗೆ ಜನ ಬೇಕು ಅಂತ. ಮೇಲಿನ ದರ್ಜೆ ಬಹುಪಾಲು ಬಿಳಿಯರಿಗೆ, ಕೆಳಗಿನ ಮೇಸ್ತ್ರಿ, ಓವರ್‌ಸಿಯರ್ ದರ್ಜೆ ನಮ್ಮವರಿಗೆ. ಇಂಜಿನಿಯರ್ ಅಂದರೆ ಅಳೆದು, ಬರೆದು, ಸಹಿ ಹಾಕಿ, ಕೆಲಸ ಮಾಡಿಸುವವನು. ಮಾಡುವವನಲ್ಲ. ಬಿಳಿಯರು ಖಾಲಿ ಮಾಡಿದ ಕುರ್ಚಿಗೆ ಬಂದವರು ತಲೆತಲಾಂತರದಿಂದ ಓದುಬರಹ ಇದ್ದ ಜಾತಿಗಳು, ಅವರಿಗೆ ಈ ಏರ್ಪಾಡು ಚೆನ್ನಾಗೇ ಒಗ್ಗಿತು. ನೀರಿಗಾಗಿಯೇ ಹುಟ್ಟಿದ ವಿದ್ಯೆ ಅದು. ಶತಮಾನಗಟ್ಟಲೆ ಕೆರೆಯ ನೀರು ಅಳೆದು ಹಂಚಿದ ನೀರುಗಂಟಿಯನ್ನ ಆ ಕಾಲೇಜಿನ ಬಾಗಿಲಿಗೂ ಯಾರೂ ಕರೆಯಲಿಲ್ಲ. ಕಬ್ಬಿಣ ಕಾಯಿಸಿದವನು, ಚರ್ಮ ಹದ ಮಾಡಿದವನು, ಮರ ಕೆತ್ತಿದವನು ಯಾರೂ ಇಂಜಿನಿಯರ್ ಆಗಲಿಲ್ಲ.

ನಮ್ಮ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದರು. ಒಳ್ಳೇ ಕೆಲಸ, ಅಲ್ಲಗಳೆಯಲ್ಲ. ಮಾರನೇ ವರ್ಷ ನಾಲ್ವಡಿಯವರು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲಿನ ವಿಚಾರಕ್ಕೆ ಮಿಲ್ಲರ್ ಸಮಿತಿ ಮಾಡಿದಾಗ ದಿವಾನರು ಒಪ್ಪಲಿಲ್ಲ, ಆ ಭಿನ್ನಾಭಿಪ್ರಾಯದಲ್ಲೇ ದಿವಾನಗಿರಿ ಬಿಟ್ಟರು. 1998ರಲ್ಲಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಸೇರಿಸಿ ಒಂದು ವಿಶ್ವವಿದ್ಯಾಲಯ ಆಯ್ತು, ಅದಕ್ಕೆ ಅವರದೇ ಹೆಸರು. ಅಣ್ಣ ಫೇಲಾದ ವರ್ಷ. ನಾಲ್ವಡಿಯವರ ಹೆಸರನ್ನ ಯಾಕೆ ಇಡಲಿಲ್ಲ ಅಂತ ನಾನು ಕೇಳಿದರೆ ನಮ್ಮ ಆಫೀಸಿನಲ್ಲಿ ಕೆಲವರಿಗೆ ಕೆಮ್ಮು ಬರುತ್ತೆ.

ಬಾಬಾಸಾಹೇಬರಿಗೆ ಈ ಗುಟ್ಟು ಎಷ್ಟು ಮೊದಲೇ ಗೊತ್ತಿತ್ತು ನೋಡಿ. 1936ರಲ್ಲೇ ಹೇಳಿದ್ದರು, ಜಾತಿ ಬರೀ ಕೆಲಸವನ್ನ ಹಂಚಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಬೇರೆ ಬೇರೆ ಮಾಡುತ್ತೆ ಅಂತ. ಅದು ಎಲ್ಲರಿಗೂ ಗೊತ್ತಿರೋ ಮಾತು. ಅಷ್ಟಾಗಿ ಗೊತ್ತಿಲ್ಲದ್ದು 1942ರ ಅಕ್ಟೋಬರಲ್ಲಿ ವೈಸರಾಯ್‌ಗೆ ಕೊಟ್ಟ ಮನವಿ. ಅದರಲ್ಲಿ ಶಿಕ್ಷಣದ ಭಾಗ ಓದಿ. ಕಲೆ, ಕಾನೂನು ಓದಿದರೆ ಪರಿಶಿಷ್ಟರಿಗೆ ದೊಡ್ಡ ಪ್ರಯೋಜನ ಆಗಲ್ಲ, ಬೇಕಾಗಿರೋದು ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ, ಅದರ ಖರ್ಚು ಅವರ ಕೈಗೆ ಮೀರಿದ್ದು, ಸರ್ಕಾರ ಕೊಡಬೇಕು ಅನ್ನೋದು ಅವರ ವಾದ. (ಬಿ.ಎ. ಗುಮಾಸ್ತನಾದ ನನಗೇ ಹೇಳಿದ ಹಾಗಿದೆ.) ವಿಶ್ವವಿದ್ಯಾಲಯದ ಓದಿಗೂ ವಿದೇಶದ ಓದಿಗೂ ವಿದ್ಯಾರ್ಥಿವೇತನ ಕೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ನಮ್ಮ ಹುಡುಗರಿಗೆ ಅಪ್ರೆಂಟಿಸ್ ತರಬೇತಿಯನ್ನೂ ಕೇಳಿದರು. ಒಂದೇ ಮನವಿಯಲ್ಲಿ ವಿಶ್ವವಿದ್ಯಾಲಯವೂ ಉಂಟು, ವರ್ಕ್‌ಶಾಪೂ ಉಂಟು. ತಲೆಯ ವಿದ್ಯೆ ಒಬ್ಬರಿಗೆ, ಕೈ ವಿದ್ಯೆ ಇನ್ನೊಬ್ಬರಿಗೆ ಅನ್ನೋ ಭಾಗ ಅವರಿಗೆ ಬೇಕಿರಲಿಲ್ಲ. ನಾನು ಇವತ್ತು ಟೇಬಲ್ಲಿನ ಮೇಲೆ ನೋಡೋ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಫೈಲುಗಳ ಮೂಲ ಅಲ್ಲಿದೆ, ಆ ಯೋಜನೆ 1944ರಲ್ಲಿ ಶುರುವಾಯ್ತು.

ಐಐಟಿಗಳಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಬರಬೇಕಾದರೆ 1973 ಆಯ್ತು. ಅಷ್ಟೊತ್ತಿಗೆ ಮೈಕ್ರೋಪ್ರೊಸೆಸರ್ ಹುಟ್ಟಿ ಎರಡು ವರ್ಷ. ಅದೇ 1973ರಲ್ಲಿ ಇಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಾಡಿ ಮಂತ್ರಿಗಿರಿ ಕಳ್ಕೊಂಡರು. ನಮ್ಮ ಚಳವಳಿಯ ಹಿರಿಯರು ಸಾಹಿತ್ಯದ ಪ್ರಶ್ನೆ ಎತ್ತಿದರು, ಭೂಮಿಯ ಪ್ರಶ್ನೆ ಎತ್ತಿದರು. ಲ್ಯಾಬಿನ ಪ್ರಶ್ನೆ ಎತ್ತಲಿಲ್ಲ. ದೂರೋದಕ್ಕೆ ಹೇಳ್ತಿಲ್ಲ, ಆಗ ಲ್ಯಾಬಿನ ಒಳಗೆ ನಮ್ಮವರು ಎಷ್ಟು ಜನ ಇದ್ದರು?

ಸೀಟು ಸಿಕ್ಕಿತು. ಒಳಗೆ ಹೋದೆವು. ಒಳಗೂ ಒಂದು ಊರಿತ್ತು, ಅದರೊಳಗೂ ಕೇರಿ ಇತ್ತು. ಮೀಸಲಾತಿ ಕಾಯ್ದೆ ಬೆಂಚಿನವರೆಗೆ ತಲುಪಿಸುತ್ತೆ, ಕೀಪ್ಯಾಡಿನವರೆಗೆ ತಲುಪಿಸಲ್ಲ. ಅಲ್ಲಿಂದ ಮುಂದಿನ ಎರಡಡಿ ದೂರಕ್ಕೆ ಯಾವ ರೋಸ್ಟರೂ ಇಲ್ಲ.

ಕೈಯನ್ನೂ ತಲೆಯನ್ನೂ ಬೇರೆ ಮಾಡೋದು ನಮ್ಮ ದೇಶದ ಸ್ವತ್ತು ಮಾತ್ರ ಅಂದ್ಕೋಬೇಡಿ. ಇಂಟೆಲ್ ಕಟ್ಟಿದ ನಾಯ್ಸ್ ಮತ್ತು ಮೂರ್ ಅದಕ್ಕೆ ಮುಂಚೆ ಇದ್ದದ್ದು ಫೇರ್‌ಚೈಲ್ಡ್ ಅನ್ನೋ ಕಂಪನಿಯಲ್ಲಿ. ಆ ಫೇರ್‌ಚೈಲ್ಡ್ 1965ರಲ್ಲಿ ನ್ಯೂ ಮೆಕ್ಸಿಕೋದ ಶಿಪ್‌ರಾಕ್‌ನಲ್ಲಿ, ನಾವಾಹೋ ಮೂಲನಿವಾಸಿಗಳ ನೆಲದಲ್ಲಿ ಘಟಕ ತೆರೆಯಿತು. ಕೆಲಸಗಾರರಲ್ಲಿ ಬಹುಪಾಲು ನಾವಾಹೋ ಹೆಣ್ಣುಮಕ್ಕಳು. ಇವರು ಕಂಬಳಿ ನೇಯುವ ಕೈಗಳು, ಚಿಪ್ಪಿನ ವಿನ್ಯಾಸವೂ ಕಂಬಳಿಯ ವಿನ್ಯಾಸದ ಹಾಗೇ ಇದೆ ಅಂತ ಕಂಪನಿ ಪುಸ್ತಿಕೆ ಅಚ್ಚು ಹಾಕಿತು. ಹೊಗಳಿಕೆ ಅಷ್ಟೇ, ಆ ವಿನ್ಯಾಸ ಬರೆಯೋ ಮೇಜಿಗೆ ಆ ಹೆಣ್ಣುಮಕ್ಕಳನ್ನ ಕರೆಯಲಿಲ್ಲ. 1975ರಲ್ಲಿ ಕೆಲಸದಿಂದ ತೆಗೆದಾಗ ಅಮೆರಿಕನ್ ಇಂಡಿಯನ್ ಮೂವ್‌ಮೆಂಟಿನವರು ಘಟಕವನ್ನೇ ವಶಕ್ಕೆ ತಗೊಂಡು ಪ್ರತಿಭಟಿಸಿದರು. ಕಂಪನಿ ಬಾಗಿಲು ಹಾಕ್ಕೊಂಡು ಹೋಯ್ತು. "ನಿಮ್ಮ ಕೈಗೆ ಕಲೆ ಇದೆ" ಅಂತ ಯಾರಾದರೂ ಬಹಳ ಹೊಗಳಿದರೆ ನಾನು ಸಂಬಳ ಎಷ್ಟು ಅಂತ ಕೇಳ್ತೀನಿ.

ಇನ್ನೊಂದು ವಿಷಯ ಅಟೆಂಡರ್ ಹತ್ರ ಕೂತಾಗ ಗೊತ್ತಾಗಿದ್ದು, ಆಮೇಲೆ ಹುಡುಕಿ ಖಾತ್ರಿ ಮಾಡ್ಕೊಂಡೆ. 1997ರ ಜುಲೈ 4ರಂದು ನಾಸಾದ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಅದರೊಳಗಿಂದ ಒಂದು ಪುಟ್ಟ ಗಾಡಿ ಹೊರಗೆ ಬಂದು ಕೆಂಪು ಮಣ್ಣಿನ ಮೇಲೆ ಓಡಾಡಿತು. ಆರು ಚಕ್ರ. ಆ ಗಾಡಿಯ ತಲೆ ಯಾವುದು ಗೊತ್ತಾ? 80ಸಿ85. ನಮ್ಮ 8085ರದೇ ಇನ್ನೊಂದು ರೂಪ. ಗಾಡಿಯ ಹೆಸರು ಸೋಜರ್ನರ್. ಗುಲಾಮಳಾಗಿ ಹುಟ್ಟಿ, ಬಿಡುಗಡೆಯಾಗಿ, ಗುಲಾಮಗಿರಿ ವಿರುದ್ಧವೂ ಹೆಣ್ಣಿನ ಹಕ್ಕಿಗಾಗಿಯೂ ಊರೂರು ಸುತ್ತಿ ಮಾತಾಡಿದ ಕಪ್ಪು ಹೆಣ್ಣುಮಗಳು ಸೋಜರ್ನರ್ ಟ್ರೂತ್ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಆ ಹೆಸರು ಸೂಚಿಸಿದ್ದು ಪ್ರಬಂಧ ಸ್ಪರ್ಧೆಯಲ್ಲಿ ಬರೆದ ಹನ್ನೆರಡು ವರ್ಷದ ಒಬ್ಬ ಹುಡುಗಿ. ಒಂದು 8085 ಮಂಗಳ ಗ್ರಹದ ಕಲ್ಲು ಮುಟ್ಟಿ ನೋಡ್ತಿದ್ದಾಗ ನಮ್ಮ ಕಾಲೇಜಿನ ಏಳು 8085 ಬೀರುವಿನೊಳಗೆ ಬೀಗ ಹಾಕ್ಕೊಂಡು ಕೂತಿದ್ದವು, ಬೇರೆ ಊರಲ್ಲಿ ನಮ್ಮಣ್ಣ ಅದರ ಪಿನ್ ಡಯಾಗ್ರಂ ಮುದ್ದಾಗಿ ಬರೀತಿದ್ದ.

ಹೋದ ಶನಿವಾರ ಮಧ್ಯಾಹ್ನ ಆಫೀಸು ಮುಗಿದಮೇಲೆ ಲ್ಯಾಬಿಗೆ ಹೋದೆ. ಎಚ್‌ಓಡಿಗೆ ಹೇಳಿಯೇ ಹೋಗಿದ್ದು. ಅಟೆಂಡರ್ ಬೀರುವಿನಿಂದ ಒಂದು ಹೊಸ ಕಿಟ್ ತೆಗೆದು ಪ್ಲಾಸ್ಟಿಕ್ ಹಾಳೆ ಕಿತ್ತರು. ಮೂವತ್ತು ವರ್ಷದ ಮೇಲೆ ಮೊದಲ ಸಲ ಸ್ವಿಚ್ ಹಾಕಿದ್ದು, ಕೆಂಪು ಅಂಕಿ ಹತ್ತಿತು. "ನೀವೇ ಒತ್ತಿ ಸಾ" ಅಂದರು. ಅವರು ಐಟಿಐ ಓದಿದವರು. ಇಷ್ಟು ವರ್ಷದಲ್ಲಿ ಎಷ್ಟು ಹುಡುಗರ ಮೋಟಾರು ತಿರುಗಿಸಿಕೊಟ್ಟಿದ್ದಾರೋ, ರೆಕಾರ್ಡಿನ ಯಾವ ಪುಟದಲ್ಲೂ ಅವರ ಸಹಿ ಇಲ್ಲ. ಅವರು ಓದಿ ಹೇಳ್ತಾ ಹೋದರು, ನಾನು ಒಂದು ಬೆರಳಲ್ಲಿ ಒತ್ತಿದೆ. ಎರಡು ಸಲ ತಪ್ಪಿದೆ. ಮೂರನೇ ಸಲ ಮೋಟಾರು ಟಿಕ್ ಟಿಕ್ ಅಂತ ಹೆಜ್ಜೆ ಇಡಕ್ಕೆ ಶುರು ಮಾಡಿತು. ಒಂದು ಕಡೆ 0ಎಫ್ ತೆಗೆದು 07 ಹಾಕಿ ಅಂದರು. ಹಾಕಿದೆ. ಹಿಂದಕ್ಕೆ ತಿರುಗಿತು. ಅಷ್ಟೇ, ಒಂದು ಅಂಕಿ.

ವಿಡಿಯೋ ಕಾಲ್ ಮಾಡಿ ಅಣ್ಣನಿಗೆ ತೋರಿಸಿದೆ. ಅಂಗಡಿಯಲ್ಲಿದ್ದ, ಕೈ ತುಂಬ ವಾರ್ನಿಷ್ಷು. ಮೋಟಾರು ನೋಡಲಿಲ್ಲ ಅವನು. "ಕ್ಯಾಮರಾ ಈ ಕಡೆ ತಿರುಗ್ಸು, ಕೇಬಲ್ ಎಲ್ಲಿ ಹಾಕಿದ್ದೀರಿ ತೋರ್ಸು" ಅಂದ. ತೋರಿಸಿದೆ.

"ಎಡಗಡೆ" ಅಂದ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ವಿಷಯಕ್ಕೆ ಬರ್ತೀನಿ. ಹರಾಜು ಮುಂದಿನ ತಿಂಗಳು. ಇವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗ್ತವೆ. ನಾನು ಅಲ್ಲಿನ ನೌಕರ, ನಾನು ಕೂಗೋ ಹಾಗಿಲ್ಲ. ನಮ್ಮ ಸಂಘದಿಂದ ಯಾರಾದರೂ ಬಂದು ಆ ಏಳು ಕಿಟ್ ತಗೊಂಡರೆ ಹಾಸ್ಟೆಲಿನ ಡಿಪ್ಲೊಮಾ, ಬಿ.ಇ. ಹುಡುಗ ಹುಡುಗಿಯರಿಗೆ ಭಾನುವಾರ ಕಲಿಸಬಹುದು. ಹಳೇದಾದರೇನು, ಒಳಗೆ ಏನಾಗುತ್ತೆ ಅಂತ ಒಂದೊಂದೇ ಅಂಕಿಯಲ್ಲಿ ಕಾಣೋ ಯಂತ್ರ ಈಗ ಸಿಗಲ್ಲ. ಒಬ್ಬರಿಗೆ ಒಂದು ಕಿಟ್ಟು. ಅಟೆಂಡರ್ ಬರ್ತೀನಿ ಅಂದಿದ್ದಾರೆ. ಅಣ್ಣನನ್ನ ಕೇಳಿದೆ. "ನಂಗೆ ಡಿಗ್ರಿ ಇಲ್ವಲ್ಲೋ" ಅಂದ. ನಾನು ಏನೂ ಹೇಳಲಿಲ್ಲ.

ರಾತ್ರಿ ಅವನೇ ಫೋನ್ ಮಾಡಿದ. "ಲೋ, ಕಿಟ್ ತಗೊಳ್ಳೋರಿಗೆ ಹೇಳು, ಕೇಬಲ್ಲು ಬೇರೆ ಐಟಂ ಅಂತ ಪಟ್ಟೀಲಿ ಹಾಕಿರ್ತೀಯ. ಅದನ್ನೂ ಸೇರ್ಸಿ ಕೂಗಕ್ಕೆ ಹೇಳು. ಕೇಬಲ್ ಬಿಟ್ಟು ಬರೀ ಕಿಟ್ ತಂದ್ಬಿಟ್ಟೀರಾ."